ಕಿರುಪತ್ರಿಕೆಗೆ ಬಿಡುವು ಕೊಡುವಾಗ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಸಾವಾದಾಗ ಹವ್ಯಾಸಕ್ಕೆಂದು ನಡೆಸುವ ಕಿರುಪತ್ರಿಕೆ ನಿಲ್ಲುವುದು ಸಹಜ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಏನೂ ಹೇಳದೆ ನಿಂತಾಗ ಮಾತ್ರ ತೊಡಕು ಶುರುವಾಗುತ್ತದೆ. ಎರಡು ಸಂಚಿಕೆ ಬಾರದಿದ್ದರೆ ಚಂದಾದಾರರು ವಿಚಾರಿಸುತ್ತಾರೆ, ಲೇಖಕರು ತಮ್ಮ ಬರಹ ಏನಾಯಿತೆಂದು ಕೇಳುತ್ತಾರೆ. ಉತ್ತರ ಬರೆಯಬೇಕಾದವರು ದುಃಖದಲ್ಲಿ ಮುಳುಗಿದ ಅದೇ ಸಂಪಾದಕರು. ಉತ್ತರಿಸದ ಪತ್ರಗಳು ಹೆಚ್ಚಾದಷ್ಟೂ ಮತ್ತೆ ಶುರುಮಾಡಲು ಮುಜುಗರ. ಆದ್ದರಿಂದ ಬಿಡುವು ಕೊಡುವುದನ್ನೂ ಸಂಚಿಕೆ ತರುವಷ್ಟೇ ಕ್ರಮವಾಗಿ ಮಾಡಬೇಕು.

ಮೊದಲ ಕೆಲಸ ಪ್ರಕಟಣೆ. ಅದನ್ನು ಸಂಪಾದಕರು ಬರೆಯದೆ, ಬಳಗದ ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಬರೆಯುವುದು ಒಳ್ಳೆಯದು. ನಾಲ್ಕು ವಾಕ್ಯ ಸಾಕು: ಸಂಪಾದಕರ ಮನೆಯಲ್ಲಿ ಸಾವಾಗಿದೆ, ಪತ್ರಿಕೆಗೆ ಸದ್ಯ ಬಿಡುವು, ಚಂದಾ ಹಾಗೇ ಉಳಿದಿರುತ್ತದೆ, ವಿಚಾರಿಸುವುದಿದ್ದರೆ ಇಂಥವರಿಗೆ ಬರೆಯಿರಿ. ಸಾವಿನ ಕಾರಣ ಬೇಡ. ಮುಂದಿನ ಸಂಚಿಕೆಯ ದಿನಾಂಕವಂತೂ ಬೇಡವೇ ಬೇಡ. ಹೇಳಿದ ದಿನ ತಪ್ಪಿದರೆ ಎರಡನೆಯ ಸಲ ಕ್ಷಮೆ ಕೇಳಬೇಕಾಗುತ್ತದೆ. ‘ಮೂರು ತಿಂಗಳಿಗೆ ಮತ್ತೆ ತಿಳಿಸುತ್ತೇವೆ’ ಎನ್ನಬಹುದು, ಏಕೆಂದರೆ ಆ ಮಾತನ್ನು ಸಂಪಾದಕರ ಕೈ ಸೋಕದೆಯೂ ಉಳಿಸಿಕೊಳ್ಳಬಹುದು.

ಚಂದಾ ಲೆಕ್ಕವೇ ಹೆಚ್ಚು ಕೆಡುವುದು. ‘ವಾರ್ಷಿಕ ಚಂದಾ’ ಎಂದು ಪಡೆದಿದ್ದರೂ ಪುಸ್ತಕದಲ್ಲಿ ತಿಂಗಳ ಬದಲು ಸಂಚಿಕೆ ಸಂಖ್ಯೆ ಬರೆದಿರಬೇಕು. ಒಬ್ಬರ ಚಂದಾ 24ನೇ ಸಂಚಿಕೆಯವರೆಗೆ ಇದ್ದು, 21ನೆಯದು ತಲುಪಿದ ಮೇಲೆ ಪತ್ರಿಕೆ ನಿಂತಿತೆನ್ನಿ. ಬಿಡುವು ಎಷ್ಟೇ ಉದ್ದವಾದರೂ ಅವರಿಗೆ ಇನ್ನು 3 ಸಂಚಿಕೆ ಸಲ್ಲಬೇಕು. ವಿಳಾಸದ ಚೀಟಿಯ ಮೂಲೆಯಲ್ಲೇ ಆ ‘24’ ಅಚ್ಚಾಗಿದ್ದರೆ ಅವರೂ ಪದೇಪದೇ ಕೇಳುವುದಿಲ್ಲ. ಹಣ ತಾನಾಗಿ ಜಮೆಯಾಗುವ ಏರ್ಪಾಡಿದ್ದರೆ ಮೊದಲ ವಾರವೇ ನಿಲ್ಲಿಸಿ. ಪತ್ರಿಕೆ ಬಾರದಿದ್ದರೂ ಚಂದಾ ಕಡಿತವಾಗುತ್ತಿದ್ದರೆ ಎಂಥ ಅನುಕಂಪವೂ ಆರಿಹೋಗುತ್ತದೆ. ಪತ್ರಿಕೆಯ ಹಣ ಮನೆಯ ಖಾತೆಯಲ್ಲೇ ಇದ್ದರೆ ಸಾವಿನ ಖರ್ಚಿನೊಡನೆ ಕಲೆತುಹೋಗುತ್ತದೆ. ತೀರಿಕೊಂಡವರ ಹೆಸರಿನ ಖಾತೆಯಾದರೆ ಕಾಗದಪತ್ರ ಮುಗಿಯುವವರೆಗೂ ಕೈಗೆ ಸಿಗದಿರಬಹುದು. ಉಳಿದ ಮೊತ್ತವೆಷ್ಟು, ಯಾವ ಖಾತೆಯಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಬಳಗದ ಇಬ್ಬರ ಬಳಿ ಇಡಬೇಕು.

ಅರ್ಧಕ್ಕೆ ನಿಂತ ಸಂಚಿಕೆಯನ್ನು ಏನು ಮಾಡಬೇಕು? ಅದು ಯಾವ ಹಂತದಲ್ಲಿದೆ ಎಂಬುದರ ಮೇಲಿದೆ. ಬರಹಗಳು ಇನ್ನೂ ಕರಡಿನಲ್ಲಿದ್ದರೆ ಲೇಖಕರಿಗೆ ತಿಳಿಸಿ, ಬೇರೆಡೆ ಕೊಡಲು ಬಿಟ್ಟುಬಿಡಿ. ಸಮಯಕ್ಕೆ ಕಟ್ಟುಬಿದ್ದ ಬರಹವನ್ನು ಹಿಡಿದಿಡುವುದು ಅನ್ಯಾಯ. ಪುಟವಿನ್ಯಾಸ ಆಗಿದ್ದರೆ ವಿನ್ಯಾಸದ ಕಡತ, ಚಿತ್ರಗಳು, ಬಳಸಿದ ಫಾಂಟುಗಳು, ಜೊತೆಗೆ ಒಂದು ಪಿಡಿಎಫ್ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ ಎರಡು ಕಡೆ ಉಳಿಸಿ. ಫಾಂಟ್ ಬಿಟ್ಟುಹೋದರೆ ತಿಂಗಳುಗಳ ನಂತರ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಸಾಲುಗಳು ಜರುಗಿ, ಪುಟದ ಕೊನೆಯ ಮಾತು ಮುಂದಿನ ಪುಟಕ್ಕೆ ಹೋಗಿ, ತಿದ್ದಿದ ಕರಡನ್ನು ಮತ್ತೆ ತಿದ್ದಬೇಕಾಗುತ್ತದೆ.

ಆಫ್‌ಸೆಟ್ ಪ್ಲೇಟ್ (ಪುಟ ಅಚ್ಚುಹಾಕುವ ಲೋಹದ ತಗಡು) ತಯಾರಾಗಿಬಿಟ್ಟಿದ್ದರೆ ಮುದ್ರಣಾಲಯಕ್ಕೆ ಒಂದು ಮಾತು ಹೇಳಬೇಕು: ಗಮ್, ಅಂದರೆ ಪ್ಲೇಟಿನ ಮೈ ಕಾಯುವ ಅಂಟಿನ ದ್ರಾವಣ, ಹಚ್ಚಿ ಇಡಿ ಎಂದು. ಗಮ್ ಕಾಣದ ಅಲ್ಯೂಮಿನಿಯಂ ಪ್ಲೇಟು ಗಾಳಿಯ ತೇವಕ್ಕೆ ಕೆಟ್ಟು, ಖಾಲಿ ಇರಬೇಕಾದ ಜಾಗವೂ ಶಾಯಿ ಹಿಡಿಯತೊಡಗುತ್ತದೆ. ಪುಟದ ತುಂಬ ಸಣ್ಣ ಕಪ್ಪು ಚುಕ್ಕೆಗಳು. ಹಾಳೆಗಳು ಅಚ್ಚಾಗಿ ಮಡಿಕೆಯೂ ಆಗಿದ್ದರೆ ಯಾರಾದರೂ ನಿಂತು ಪಿನ್ ಹೊಡೆಸಿ ಮುಗಿಸುವುದೇ ಸರಿ. ಬಿಡಿ ಹಾಳೆಗಳು ತೇವಕ್ಕೆ ಅಲೆಯಂತೆ ಏಳುತ್ತವೆ, ಆಮೇಲೆ ಕತ್ತರಿಸಿದರೆ ಅಂಚು ಸೊಟ್ಟ.

ಸಿದ್ಧವಾದಷ್ಟನ್ನೇ ಚಿಕ್ಕ ಸಂಚಿಕೆಯಾಗಿ ತರುವ ದಾರಿಯೂ ಇದೆ. ನಡುವೆ ಪಿನ್ ಹೊಡೆಯುವ ಪತ್ರಿಕೆಯ ಪುಟಗಳು 4ರ ಲೆಕ್ಕದಲ್ಲಿ ಇಳಿಯುತ್ತವೆ. 32 ಪುಟದ ಯೋಜನೆಯಲ್ಲಿ 22 ಸಿದ್ಧವಿದ್ದರೆ 2 ಪುಟ ಕೈಬಿಟ್ಟು 20ಕ್ಕೆ ನಿಲ್ಲಿಸಬೇಕು, ಇಲ್ಲವೇ 24 ತುಂಬಬೇಕು. ಕೈಬಿಡುವುದೇ ಸುಲಭ.

ಸ್ಮರಣ ಸಂಚಿಕೆ ತನ್ನಿ ಎಂಬ ಒತ್ತಾಯ ಈ ಹೊತ್ತಿಗೆ ಬಂದೇ ಬರುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ತಮ್ಮವರ ಬಗೆಗಿನ ಲೇಖನಗಳನ್ನು ಮೊಟಕುಗೊಳಿಸಿ, ಕಾಗುಣಿತ ತಿದ್ದಿ, ಫೋಟೊದ ಅಡಿಬರಹ ಬರೆಯುವ ಕೆಲಸ ಆ ಸಂಪಾದಕರ ತಲೆಗೇ ಬೀಳುತ್ತದೆ. ಬರಹಗಳನ್ನು ಸಂಗ್ರಹಿಸಿಡಿ, ತರಬೇಕೋ ಬೇಡವೋ ಎಂಬುದು ಅವರಿಗೇ ಇರಲಿ. ತೀರಿಕೊಂಡವರು ಪತ್ರಿಕೆಯ ಕೆಲಸದಲ್ಲೂ ಕೈಜೋಡಿಸಿದ್ದವರಾದರೆ, ಸಂಪಾದಕ ಬಳಗದ ಪಟ್ಟಿಯಿಂದ ಹೆಸರು ತೆಗೆಯುವ ಮುನ್ನವೂ ಸಂಪಾದಕರನ್ನು ಕೇಳಬೇಕು.

ಮರಳಿ ಶುರುಮಾಡುವಾಗ ಸಂಖ್ಯೆ ಹಾರಿಸಬಾರದು. 21 ಕೊನೆಯದಾಗಿದ್ದರೆ ಮುಂದಿನದು 22, ನಡುವೆ ವರ್ಷ ಕಳೆದಿದ್ದರೂ ಅಷ್ಟೇ. ಸಂಖ್ಯೆ ಹಾರಿದರೆ ಗ್ರಂಥಾಲಯದವರು ಸಂಚಿಕೆ ಕಳೆದುಹೋಗಿದೆ ಎಂದುಕೊಂಡು ಪತ್ರ ಬರೆಯುತ್ತಾರೆ. ಮೊದಲ ಪುಟದ ಒಳಬದಿಯಲ್ಲಿ ‘ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಸಂಚಿಕೆ ಪ್ರಕಟವಾಗಿಲ್ಲ’ ಎಂದು ಒಂದು ಸಾಲು ಹಾಕಿದರೆ ಸಾಕು. ‘22–23’ ಎಂದು ಜೋಡಿ ಸಂಖ್ಯೆ ಕೊಟ್ಟು ಒಂದೇ ಸಂಚಿಕೆಯ ಪುಟಗಳನ್ನು ಕೊಟ್ಟರೆ ಅದು ಚಂದಾದಾರರಿಗೆ ಮಾಡುವ ಮೋಸ. ಐಎಸ್‌ಎಸ್‌ಎನ್ (ನಿಯತಕಾಲಿಕೆಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಇದ್ದರೆ ಅದೇ 8 ಅಂಕಿ ಮುಂದುವರಿಯುತ್ತದೆ. ಅದು ಶೀರ್ಷಿಕೆಗೆ ಅಂಟಿದ್ದು, ಬಿಡುವಿನಿಂದ ರದ್ದಾಗುವುದಿಲ್ಲ. ಪತ್ರಿಕೆಯ ಹೆಸರನ್ನೇ ಬದಲಿಸಿದರೆ ಹೊಸದು ಪಡೆಯಬೇಕಾದೀತು. ಬಿಡುವಿನ ನಂತರದ ಮೊದಲ ಸಂಚಿಕೆಗೆ 8 ಪುಟ ಸಾಕು, ಸಂಪಾದಕೀಯವಿಲ್ಲದಿದ್ದರೂ ನಡೆಯುತ್ತದೆ.

— ಕಿರುಪತ್ರಿಕೆಗಳ ಕರಡು ತಿದ್ದುವ ಓದುಗರು