ಬದುಕಿದ್ದವರ ಹೆಸರೂ ಇದ್ದ ಹಲಗೆ

ನವೆಂಬರ್ ತಿಂಗಳ ಎರಡನೆಯ ಭಾನುವಾರ ಲಂಡನ್ನಿನ ವೈಟ್‌ಹಾಲ್ ಬೀದಿಯ ಯುದ್ಧಸ್ಮಾರಕ ಸೆನೊಟಾಫ್ ಮುಂದೆ ನಡೆಯುವ ಗೌರವಾರ್ಪಣೆಯನ್ನು ನಮ್ಮ ಸದಸ್ಯರಲ್ಲಿ ಬಹುತೇಕರು ಟಿವಿಯಲ್ಲಾದರೂ ನೋಡಿರುತ್ತಾರೆ. ವಾಸ್ತುಶಿಲ್ಪಿ ಲಟ್ಯನ್ಸ್ ರೂಪಿಸಿದ ಆ ಕಲ್ಲಿನ ಸ್ಮಾರಕ 1920ರದು. ಅದಕ್ಕೂ ನಾಲ್ಕು ವರ್ಷ ಮೊದಲೇ, ಮೊದಲ ಮಹಾಯುದ್ಧ ಇನ್ನೂ ಭರದಿಂದ ಸಾಗಿದ್ದಾಗ, ಪೂರ್ವ ಲಂಡನ್ನಿನ ಕೂಲಿಕಾರರ ಬೀದಿಗಳಲ್ಲಿ ಜನರು ಸರ್ಕಾರದ ಅಪ್ಪಣೆಗೆ ಕಾಯದೆ, ಸೇನೆಗೆ ಸೇರಿದ ತಮ್ಮವರ ಹೆಸರುಗಳನ್ನು ಮನೆಗೋಡೆಗಳ ಮೇಲೆ ಬರೆದು ಪುಟ್ಟ ಗುಡಿಗಳನ್ನು ಕಟ್ಟಿಕೊಂಡಿದ್ದರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಈ ಬೀದಿಗುಡಿಗಳು ಮೊದಲು ಹೆಸರಾದದ್ದು 1916ರಲ್ಲಿ, ದಕ್ಷಿಣ ಹ್ಯಾಕ್ನಿಯ ಸೇಂಟ್ ಜಾನ್ ಆಫ್ ಜೆರುಸಲೇಮ್ ಚರ್ಚಿನ ಪಾದ್ರಿ ಬ್ಯಾಟಿ ಅವರ ಪ್ರೋತ್ಸಾಹದಿಂದ. ಅವುಗಳ ರಚನೆ ತೀರ ಸರಳ. ಗೋಡೆಗೆ ಹೊಡೆದ ಒಂದು ಮರದ ಚೌಕಟ್ಟು, ಅದರೊಳಗೆ ಆ ಬೀದಿಯಿಂದ ಸೇನೆಗೆ ಹೋದವರ ಹೆಸರಿನ ಪಟ್ಟಿ, ಮೇಲೊಂದು ಶಿಲುಬೆ, ಅಕ್ಕಪಕ್ಕ ಬಾವುಟ, ಕೆಳಗೆ ಹೂದಾನಿ ಇಡಲು ಗೇಣಗಲದ ಹಲಗೆ. ಹೂ ಬದಲಿಸುವುದು, ಧೂಳು ಒರೆಸುವುದು, ಹೊಸದಾಗಿ ಸೇನೆ ಸೇರಿದವನ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಇವೆಲ್ಲ ಹೆಚ್ಚಾಗಿ ಆ ಬೀದಿಯ ಹೆಂಗಸರ ಪಾಲಿಗೆ ಬಂದ ಕೆಲಸಗಳು.

ವೀರಗಲ್ಲುಗಳನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಒಂದು ಅಂಶ ವಿಚಿತ್ರವೆನಿಸಬಹುದು. ವೀರಗಲ್ಲು ನಿಲ್ಲುವುದು ವೀರ ಮಡಿದ ಮೇಲೆ. ಬೀದಿಗುಡಿಯ ಪಟ್ಟಿಯಲ್ಲಿ ಇದ್ದವರಲ್ಲಿ ಹೆಚ್ಚಿನವರು, ಕನಿಷ್ಠ ಮೊದಮೊದಲು, ಬದುಕಿದ್ದರು. ಅವರು ಕ್ಷೇಮವಾಗಿ ಮರಳಲಿ ಎಂಬ ಪ್ರಾರ್ಥನೆಗಾಗಿಯೇ ಆ ಹಲಗೆ ಇತ್ತು. ಒಬ್ಬನು ಸತ್ತ ಸುದ್ದಿಯ ತಾರೋ ಕಾಗದವೋ ಬಂದಾಗ ಅವನ ಹೆಸರಿನ ಪಕ್ಕದಲ್ಲಿ ಶಿಲುಬೆಯ ಗುರುತು ಬೀಳುತ್ತಿತ್ತು. ಇನ್ನು ಕೆಲವೆಡೆ ಹೆಸರನ್ನು ಬೇರೊಂದು ಪಟ್ಟಿಗೆ ಸೇರಿಸುತ್ತಿದ್ದರು. 1916ರ ಜುಲೈ 1ರಂದು, ಫ್ರಾನ್ಸಿನ ಸೊಮ್ ಕದನದ ಮೊದಲ ದಿನವೇ, 19,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಒಂದೇ ಊರಿನವರು, ಒಂದೇ ಕಾರ್ಖಾನೆಯವರು ಒಟ್ಟಿಗೆ ಸೇರಿದ್ದ ತುಕಡಿಗಳೂ ಅಲ್ಲಿದ್ದುದರಿಂದ ಸಾವು ಕೆಲವು ಕೇರಿಗಳಿಗೆ ಸಾಲುಸಾಲಾಗಿ ಬಂತು. ಶವಗಳನ್ನು ತಾಯ್ನಾಡಿಗೆ ತರುವುದನ್ನು ಸೇನೆ 1915ರಲ್ಲೇ ನಿಷೇಧಿಸಿತ್ತು. ಹೀಗಾಗಿ ಮಗನ ಸಮಾಧಿಗೆ ಹೂವಿಡಲಾಗದ ತಾಯಿಗೆ ಉಳಿದದ್ದು ಮನೆಯಿಂದ ನಾಲ್ಕು ಹೆಜ್ಜೆಯಲ್ಲಿದ್ದ ಆ ಹಲಗೆ ಮಾತ್ರ.

1916ರ ಆಗಸ್ಟ್ 10ರಂದು ರಾಣಿ ಮೇರಿ ಹ್ಯಾಕ್ನಿಗೆ ಬಂದು ಈ ಗುಡಿಗಳನ್ನು ನೋಡಿದ ಮೇಲೆ ಪತ್ರಿಕೆಗಳೂ ಲಂಡನ್ನಿನ ಬಿಷಪ್ ವಿನ್ನಿಂಗ್ಟನ್-ಇಂಗ್ರಾಮ್ ಅವರೂ ಇವುಗಳ ಬೆಂಬಲಕ್ಕೆ ನಿಂತರು. ಸತ್ತವರಿಗಾಗಿ ಪ್ರಾರ್ಥಿಸುವುದು ಕ್ಯಾಥೊಲಿಕರ ಪದ್ಧತಿ ಎಂದು ಕಟ್ಟಾ ಪ್ರಾಟೆಸ್ಟೆಂಟರು ಆಕ್ಷೇಪಿಸಿದರು. ವಿದ್ವಾಂಸರು ಈ ಜಗಳದ ಬಗ್ಗೆ ಬಹಳ ಬರೆದಿದ್ದಾರೆ. ಹೂ ಇಟ್ಟವರು ಅದಕ್ಕೆ ಅಷ್ಟೇನೂ ಬೆಲೆ ಕೊಟ್ಟಂತೆ ಕಾಣುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಪ್ರಶ್ನೆ. 1916ರ ಜನವರಿಯಲ್ಲಿ ಕಡ್ಡಾಯ ಸೇನಾಭರ್ತಿಯ ಕಾನೂನು ಬಂದಿತ್ತು. ಅಂಥ ಕಾಲದಲ್ಲಿ ಹೋದವರ ಹೆಸರುಗಳನ್ನು ಬೀದಿಯಲ್ಲೇ ತೂಗುಹಾಕಿದರೆ, ಹೋಗದವನ ಮನೆಯವರು ದಿನವೂ ಅದರ ಮುಂದೆಯೇ ಹಾದುಹೋಗಬೇಕಲ್ಲವೇ? ಪ್ರೀತಿಯಿಂದ ಬರೆದ ಪಟ್ಟಿಯೂ ಒಂದು ಬಗೆಯ ಒತ್ತಾಯವಾಗಬಲ್ಲುದು.

1918ರ ಆಗಸ್ಟ್ 4ರಂದು ಹೈಡ್ ಪಾರ್ಕಿನಲ್ಲಿ ದೊಡ್ಡದೊಂದು ತಾತ್ಕಾಲಿಕ ಗುಡಿ ಎದ್ದಾಗ ಕೆಲವೇ ದಿನಗಳಲ್ಲಿ ಸುಮಾರು 2 ಲಕ್ಷ ಜನ ಬಂದು ಹೂವಿಟ್ಟರು. ಮುಂದಿನ ತಿಂಗಳ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರೊಡನೆ ಸೇರಿ ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದರು. ಅವರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿಯಲ್ಲಿ ಒಂದು ಮೂರ್ತಿ ಮೈಸೂರಿನದು. ಆದರೆ ಅವು ಪಡೆಯ ಹೆಸರಿನಲ್ಲಿ ನಿಂತವು, ಬೀದಿಯ ಹೆಸರಿನಲ್ಲಿ ಅಲ್ಲ.

ಮರದ ಗುಡಿಗಳಲ್ಲಿ ಹೆಚ್ಚಿನವು ಮಳೆಗೆ, ಎರಡನೆಯ ಮಹಾಯುದ್ಧದ ಬಾಂಬಿಗೆ, ಆಮೇಲೆ ಹಳೆಯ ಮನೆಗಳನ್ನು ಕೆಡವಿದ ಪುರಸಭೆಗಳಿಗೆ ಬಲಿಯಾದವು. ಹಲ್ ನಗರದ ಶಾರ್ಪ್ ಸ್ಟ್ರೀಟಿನಲ್ಲಿ ಒಂದು ಇನ್ನೂ ಉಳಿದಿದೆ. ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನಿನ ಸೈಪ್ರಸ್ ಸ್ಟ್ರೀಟಿನಲ್ಲಿರುವುದು ಯುದ್ಧ ಮುಗಿದ ಮೇಲೆ ಮರಳಿ ಬಂದ ಸೈನಿಕರ ಸಂಘ ಹಾಕಿಸಿದ ಫಲಕ. ಆ ಚಿಕ್ಕ ಬೀದಿಯೊಂದರಿಂದಲೇ 26 ಹೆಸರುಗಳಿವೆ, ಎಲ್ಲವೂ ಸತ್ತವರವು. ಸೇಂಟ್ ಆಲ್ಬನ್ಸ್ ಊರಿನ ಅಬೆ ಚರ್ಚಿನ ಸುತ್ತಲಿನ ಬೀದಿಗಳಲ್ಲೂ ಇಂಥ ಫಲಕಗಳನ್ನು ನಡೆಯುತ್ತಲೇ ಓದಬಹುದು.

ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಯುದ್ಧಸ್ಮಾರಕಗಳ ದಾಖಲೆಯಲ್ಲಿ ಊರಿನ ಹೆಸರು ಕೊಟ್ಟು ಹುಡುಕುವ ಸೌಲಭ್ಯವಿದೆ. ನಿಮ್ಮ ಊರಿನ ಗೋಡೆಯೊಂದರ ಮೇಲೆ ಇಂಥ ಹಲಗೆ ಕಂಡರೆ ಬೀದಿಯ ಹೆಸರಿನೊಂದಿಗೆ ಅದರ ಫೋಟೋ ಕಳಿಸಿಕೊಡಿ. ನವೆಂಬರ್ ಸಂಚಿಕೆಯಲ್ಲಿ ಎರಡು ಪುಟಗಳನ್ನು ಅದಕ್ಕೆಂದೇ ಬಿಟ್ಟಿದ್ದೇವೆ.