ಕಂತು ಹಳತಾಯಿತೋ, ಪ್ರತಿ ಕೆಟ್ಟಿತೋ?

ಮಾನ್ಯ ಸಂಪಾದಕರೇ,

ನಿಮ್ಮ ಓದುಗರ ಅಂಕಣದಲ್ಲಿ ಹಳೆಯ ವೈಜ್ಞಾನಿಕ ಧಾರಾವಾಹಿಗಳ ಬಗ್ಗೆ ಕೆಲವು ವಾರಗಳಿಂದ ನಡೆಯುತ್ತಿರುವ ಚರ್ಚೆಯನ್ನು ಒಂದನ್ನೂ ಬಿಡದೆ ಓದಿದ್ದೇನೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇಷ್ಟು ಮಂದಿ ಅಮೆರಿಕದ ‘ಸ್ಟಾರ್ ಟ್ರೆಕ್’, ಬ್ರಿಟನ್ನಿನ ‘ಡಾಕ್ಟರ್ ಹೂ’ ನೋಡುವವರಿದ್ದಾರೆ ಎಂಬುದೇ ಸಂತೋಷದ ಸಂಗತಿ. ರಟ್ಟಿನ ಗೋಡೆ, ರಬ್ಬರಿನ ರಾಕ್ಷಸ, ಈಗ ನೋಡಿದರೆ ನಗು ಬರುತ್ತದೆ ಎಂಬುದು ಒಂದು ಪಕ್ಷ. ಅಂಥ ಕಥೆ ಇನ್ನು ಹುಟ್ಟುವುದಿಲ್ಲ ಎಂಬುದು ಇನ್ನೊಂದು. ಆದರೆ ತಾವು ನೋಡಿದ್ದು ಯಾವ ಪ್ರತಿ (ಡಿವಿಡಿಯೋ, ಬ್ಲೂರೇ ಡಿಸ್ಕೋ, ಮರುಪ್ರಸಾರದ್ದೋ), ಟಿ.ವಿ.ಯಲ್ಲಿ ಯಾವ ಸೆಟ್ಟಿಂಗ್ ಇತ್ತು ಎಂದು ಯಾರೂ ಬರೆದಿಲ್ಲ. ಅದು ಗೊತ್ತಿಲ್ಲದೆ ಈ ವ್ಯಾಜ್ಯ ತೀರದು. ಕಂತಿನ ತಲೆಗೆ ಕಟ್ಟಿದ ಎಷ್ಟೋ ದೋಷಗಳು ನಿಜವಾಗಿ ಪ್ರತಿಯವು, ಇಲ್ಲವೇ ಟಿ.ವಿ.ಯವು.

ಮೊದಲು ಟಿ.ವಿ. ವಿಷಯ. ಹೊಸ ಟಿ.ವಿ.ಗಳಲ್ಲಿ ಚಲನೆಯನ್ನು ನುಣುಪು ಮಾಡುವ ಏರ್ಪಾಟು ಹೆಚ್ಚಾಗಿ ಅಂಗಡಿಯಿಂದ ಬರುವಾಗಲೇ ಆನ್ ಆಗಿರುತ್ತದೆ. ಸೋನಿಯಲ್ಲಿ ಇದರ ಹೆಸರು ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಫಿಲ್ಮಿನಲ್ಲಿ ಸೆಕೆಂಡಿಗೆ 24 ಚಿತ್ರಗಳು. ಈ ಏರ್ಪಾಟು ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ತಾನೇ ಸೃಷ್ಟಿಸಿ ತುರುಕುತ್ತದೆ. 35 ಮಿ.ಮೀ. ಫಿಲ್ಮಿನಲ್ಲಿ ತೆಗೆದ ದೃಶ್ಯ ಆಗ ಮದುವೆ ವೀಡಿಯೊದಂತೆ ಕಾಣುತ್ತದೆ. ನಟ ಕಾಣುತ್ತಾನೆ, ಪಾತ್ರ ಕಾಣುವುದಿಲ್ಲ; ಗೋಡೆ ಪ್ಲೈವುಡ್ ಆಗುತ್ತದೆ, ಮೇಕಪ್ ಪೇಂಟ್ ಆಗುತ್ತದೆ. ಇದನ್ನು ಪೂರ್ತಿ ಆಫ್ ಮಾಡಿ, ‘ವಿವಿಡ್’ ಬಿಟ್ಟು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಹಾಕಬೇಕು. ಶಾರ್ಪ್‌ನೆಸ್ ಕೂಡ ಇಳಿಸಬೇಕು. ಹೆಚ್ಚಿಟ್ಟರೆ ಮನುಷ್ಯರ ಸುತ್ತ ಬಿಳಿ ಗೆರೆ ಏಳುತ್ತದೆ, ಫಿಲ್ಮಿನ ಸಹಜವಾದ ಕಣಗಳು ಇರುವೆ ಹರಿದಾಡಿದಂತೆ ಕಾಣುತ್ತವೆ.

ಎರಡನೆಯದು ಚಿತ್ರದ ಅಗಲ. ಆ ಕಾಲದ ಧಾರಾವಾಹಿಗಳೆಲ್ಲ 4:3 ಅಳತೆಯವು, ನಮ್ಮ ಪರದೆ 16:9. ಎರಡೂ ಬದಿ ಕಪ್ಪು ಪಟ್ಟಿ ಇರಲೇಬೇಕು. ಪಟ್ಟಿ ಬೇಡವೆಂದು ಎಳೆದರೆ ಅಗಲ ಮೂರನೇ ಒಂದರಷ್ಟು ಹೆಚ್ಚುತ್ತದೆ. ಹಿಗ್ಗಿಸಿ ತುಂಬಿಸಿದರೆ ಮೇಲೆ ಕೆಳಗೆ ಸೇರಿ ಚಿತ್ರದ ನಾಲ್ಕನೇ ಒಂದು ಭಾಗ ಕತ್ತರಿಸಿಹೋಗುತ್ತದೆ. ಪರೀಕ್ಷೆ ಸುಲಭ: ಗ್ರಹ ದುಂಡಗೆ ಕಾಣಬೇಕು. ಕೋಳಿಮೊಟ್ಟೆಯ ಆಕಾರದಲ್ಲಿ ಕಂಡರೆ ಸೆಟ್ಟಿಂಗ್ ತಪ್ಪಿದೆ.

ಮೂರನೆಯದು ಬೆಳಕು. ‘ಟ್ವೈಲೈಟ್ ಜೋನ್’ ಸರಣಿಯ 1960ರ ‘ಐ ಆಫ್ ದ ಬಿಹೋಲ್ಡರ್’ ಕಂತಿನಲ್ಲಿ ಕೊನೆಯ ತನಕ ಯಾರ ಮುಖವೂ ಸರಿಯಾಗಿ ಕಾಣದಂತೆ ನೆರಳಿನಲ್ಲಿ ಚಿತ್ರೀಕರಿಸಿದ್ದಾರೆ. ಕಥೆಯ ಗುಟ್ಟೆಲ್ಲ ಆ ನೆರಳಿನಲ್ಲೇ ಇದೆ. ಬ್ರೈಟ್‌ನೆಸ್ ಏರಿಸಿ, ಟ್ಯೂಬ್‌ಲೈಟ್ ಉರಿಸಿಕೊಂಡು ನೋಡಿದವರಿಗೆ ಕಪ್ಪು ಬೂದು ಬಣ್ಣವಾಗಿ ಗುಟ್ಟಿನ ಬಿಗಿಯೇ ಸಡಿಲವಾಗುತ್ತದೆ. ದೊಂದಿ ಬೆಳಕಿಗೆಂದು ರೂಪುಗೊಂಡ ಬಣ್ಣದ ವೇಷವನ್ನು ಫ್ಲಡ್‌ಲೈಟ್ ಕೆಳಗೆ ಹತ್ತಿರದಿಂದ ನೋಡಿ ಅಕ್ಕಿಹಿಟ್ಟು ಎದ್ದು ಕಾಣುತ್ತದೆ ಎಂದರೆ ತಪ್ಪು ವೇಷಧಾರಿಯದ್ದಲ್ಲ. ಇದು ನಮ್ಮೂರಿನ ಯಕ್ಷಗಾನ ಆಟದ ಪ್ರೇಕ್ಷಕರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಪ್ರತಿ. ಸ್ಟಾರ್ ಟ್ರೆಕ್‌ನ ಮೊದಲ ಸರಣಿಯಲ್ಲಿ (1966–69) 79 ಕಂತುಗಳಿವೆ, ಒಂದೊಂದೂ ಸುಮಾರು 50 ನಿಮಿಷ. ನಿಮ್ಮ ಪ್ರತಿ 48 ನಿಮಿಷ ಇದ್ದರೆ ಅದು 24 ಚಿತ್ರಗಳ ಫಿಲ್ಮನ್ನು ಭಾರತ, ಯುರೋಪುಗಳ ಹಳೆಯ ಟಿ.ವಿ. ಪದ್ಧತಿಯಾದ ಪಾಲ್‌ನ 25ಕ್ಕೆ ಓಡಿಸಿದ್ದು. ಎಲ್ಲವೂ ಶೇ. 4ರಷ್ಟು ಬೇಗ ಓಡುತ್ತದೆ, ಧ್ವನಿಯೂ ಸ್ವಲ್ಪ ಕೀರಲಾಗುತ್ತದೆ. 45ಕ್ಕಿಂತ ಕಡಿಮೆ ಇದ್ದರೆ ಮರುಪ್ರಸಾರದಲ್ಲಿ ಜಾಹೀರಾತಿಗೆ ಜಾಗ ಮಾಡಲು ಕತ್ತರಿ ಆಡಿಸಿದ ಪ್ರತಿ ಅದು. ಕಥೆ ಹಾರಿ ಹಾರಿ ಹೋಗುತ್ತದೆ ಎಂದು ದೂರುವವರು ಮೊದಲು ಗಡಿಯಾರ ನೋಡಬೇಕು. ಹಳೆಯ ವಿಸಿಡಿಯ ನೆನಪಿನಿಂದ ಬರೆಯುವವರಿಗೂ ಒಂದು ಮಾತು: ಪಾಲ್ ವಿಸಿಡಿಯಲ್ಲಿ ಇದ್ದದ್ದು ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ ಮಾತ್ರ.

ಒಳ್ಳೆಯ ಪ್ರತಿಯಲ್ಲೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಾಹ್ಯಾಕಾಶ ಹಡಗಿನ ನಾಯಕ ಕರ್ಕ್, ಅವನ ಜೊತೆಗಾರ ಸ್ಪಾಕ್ ಮಿನುಗುತ್ತ ಮಾಯವಾಗುವ ದೃಶ್ಯ ಬರುವ ಮೊದಲೇ ಚಿತ್ರ ಏಕಾಏಕಿ ಒರಟಾಗುತ್ತದೆ. ಇದರ ಕಾರಣ ಆಪ್ಟಿಕಲ್ ಪ್ರಿಂಟಿಂಗ್. ಬೆಳಕಿನಲ್ಲಿ ಅಲ್ಯೂಮಿನಿಯಂ ಪುಡಿ ಮಿನುಗುವುದನ್ನು ಬೇರೆಯಾಗಿ ಚಿತ್ರೀಕರಿಸಿ, ನಟರ ಚಿತ್ರದ ಜೊತೆ ಇನ್ನೊಂದು ಫಿಲ್ಮಿಗೆ ಇಳಿಸುತ್ತಿದ್ದರು. ಪ್ರತಿಯಿಂದ ಪ್ರತಿ ತೆಗೆದ ಹಾಗೆಲ್ಲ ಕಣ ದಪ್ಪವಾಗುತ್ತದೆ, ಧೂಳು ಸೇರುತ್ತದೆ. ಆಗಿನ ಸಣ್ಣ ಗಾಜಿನ ಪರದೆಯಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತಿತ್ತು. 2006ರಿಂದ ಈ ಸರಣಿಗೆ ಕಂಪ್ಯೂಟರಿನಲ್ಲಿ ಹೊಸ ಹಡಗು, ಹೊಸ ಗ್ರಹ ಕೂಡಿಸಿದ ಆವೃತ್ತಿ ಬಂತು. ಬ್ಲೂರೇಯಲ್ಲಿ ಹಳೆಯದನ್ನೋ ಹೊಸದನ್ನೋ ಆರಿಸಿಕೊಳ್ಳಬಹುದು. ನನ್ನ ಅಭಿಪ್ರಾಯದಲ್ಲಿ ಹಳೆಯದೇ ಮೇಲು. ಹನ್ನೊಂದು ಅಡಿಯ ಮಾದರಿ ಹಡಗಿನ ಮೇಲೆ ಬಿದ್ದ ಬೆಳಕಿಗೂ ಒಳಗಿನ ದೃಶ್ಯಗಳ ಬೆಳಕಿಗೂ ಹೊಂದಿಕೆಯಿದೆ. 2006ರ ಕಂಪ್ಯೂಟರ್ ಹಡಗು ಈಗಾಗಲೇ 1966ರ ಮಾದರಿಗಿಂತ ಹಳತಾಗಿ ಕಾಣತೊಡಗಿದೆ.

ಸ್ಟಾರ್ ಟ್ರೆಕ್‌ನ ಮುಂದಿನ ಸರಣಿ ‘ನೆಕ್ಸ್ಟ್ ಜನರೇಷನ್’ (1987–94) ಮಬ್ಬು ಎಂದು ಬರೆದವರು ಬಹುಶಃ ಡಿವಿಡಿ ಪ್ರತಿ ನೋಡಿದ್ದಾರೆ. ಅದನ್ನು ಫಿಲ್ಮಿನಲ್ಲಿ ತೆಗೆದರೂ ಸಂಕಲನ, ದೃಶ್ಯತಂತ್ರ ಎಲ್ಲ ವೀಡಿಯೊ ಟೇಪಿನಲ್ಲಿ ನಡೆಯಿತು. ಹಾಗಾಗಿ ಪೂರ್ಣಗೊಂಡ ಕಂತು ಇದ್ದದ್ದು ಟೇಪಿನ ಮಸುಕಿನಲ್ಲೇ. 2012ರಿಂದ 2014ರವರೆಗೆ ಬಂದ ಬ್ಲೂರೇಗಾಗಿ ಮೂಲ ನೆಗೆಟಿವ್ ಹುಡುಕಿ, ಸ್ಕ್ಯಾನ್ ಮಾಡಿ, 178 ಕಂತುಗಳನ್ನೂ ಮೊದಲಿಂದ ಮತ್ತೆ ಜೋಡಿಸಿದರು. ಆಮೇಲಿನ ಸ್ಟಾರ್ ಟ್ರೆಕ್ ಸರಣಿಗಳಾದ ‘ಡೀಪ್ ಸ್ಪೇಸ್ ನೈನ್’, ‘ವಾಯೇಜರ್’ಗಳಿಗೆ ಈ ಭಾಗ್ಯ ಬರಲಿಲ್ಲ. ಇನ್ನೊಂದು ಬಾಹ್ಯಾಕಾಶ ಸರಣಿ ‘ಬ್ಯಾಬಿಲಾನ್ 5’ರ ಗತಿ ಇನ್ನೂ ವಿಚಿತ್ರ. ನಟರ ದೃಶ್ಯಗಳನ್ನು ಅಗಲ ಪರದೆಗೂ ಒದಗುವಂತೆ ತೆಗೆದರು, ಕಂಪ್ಯೂಟರ್ ದೃಶ್ಯಗಳನ್ನು 4:3ಕ್ಕೆ ಮಾಡಿದರು. ಅಗಲದ ಡಿವಿಡಿ ಮಾಡುವಾಗ ಆ ದೃಶ್ಯಗಳ ಮೇಲೂ ಕೆಳಗೂ ಕೊಯ್ದು ಹಿಗ್ಗಿಸಬೇಕಾಯಿತು. ಯುದ್ಧದ ದೃಶ್ಯ ಬಂದಾಗಲೆಲ್ಲ ಚಿತ್ರ ಕಲಸಿಹೋಗುವುದು ಇದರಿಂದ. 2021ರಲ್ಲಿ ಬಂದ ಹೊಸ ಪ್ರತಿಯನ್ನು 4:3ಕ್ಕೇ ಮರಳಿಸಿದ್ದಾರೆ. ಆ ಸರಣಿ ನೋಡುವುದಾದರೆ ಅದನ್ನೇ ನೋಡಬೇಕು.

ಡಾಕ್ಟರ್ ಹೂ ಬೇರೆಯೇ ಲೆಕ್ಕ. ಹಳೆಯ ಕಂತುಗಳಲ್ಲಿ ಸ್ಟುಡಿಯೊದ ಒಳಗಿನದ್ದು ಸಾಮಾನ್ಯವಾಗಿ ವೀಡಿಯೊ, ಸೆಕೆಂಡಿಗೆ 50 ಅರ್ಧಚಿತ್ರಗಳು. ಹೊರಾಂಗಣ 16 ಮಿ.ಮೀ. ಫಿಲ್ಮ್, ಅಲ್ಲಿನ ಟಿ.ವಿ.ಗೆ ಹೊಂದುವಂತೆ ಸೆಕೆಂಡಿಗೆ 25. ಪಾತ್ರ ಬಾಗಿಲು ದಾಟಿ ಹೊರಬಂದ ಕೂಡಲೇ ಚಿತ್ರದ ಗುಣವೇ ಬದಲಾಗುವುದು ಪ್ರತಿಯ ದೋಷವಲ್ಲ, ಆಗ ತೆಗೆದದ್ದೇ ಹಾಗೆ. ದೋಷ ಇರುವುದು 50ನ್ನು 25ಕ್ಕೆ ಇಳಿಸಿ ಕೊಟ್ಟ ಪ್ರತಿಗಳಲ್ಲಿ. ಓಡುವವರ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿದ್ದರೆ ಡಿಇಂಟರ್‌ಲೇಸ್, ಅಂದರೆ ಅರ್ಧಚಿತ್ರಗಳನ್ನು ಪೂರ್ಣಚಿತ್ರ ಮಾಡುವ ಕೆಲಸ, ಸರಿಯಾಗಿಲ್ಲ ಎಂದರ್ಥ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಬಳಸುವವರು ವೀಡಿಯೊ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ ‘ಯಾಡಿಫ್ 2ಎಕ್ಸ್’ ಆರಿಸಿದರೆ 50ರ ಚಲನೆ ಮರಳಿ ಬರುತ್ತದೆ. ಮೊದಲೇ 25ಕ್ಕೆ ಇಳಿಸಿದ ಫೈಲಿಗೆ ಇದರಿಂದ ಪ್ರಯೋಜನವಿಲ್ಲ.

ಬಿಬಿಸಿ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿದ್ದರಿಂದ ಈ ಸರಣಿಯ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದಿಗೂ ಸಿಕ್ಕಿಲ್ಲ. ಆದರೆ ಅವೆಲ್ಲದರ ಧ್ವನಿ ಉಳಿದಿದೆ. ಮನೆಯಲ್ಲಿ ಟಿ.ವಿ.ಯೆದುರು ಟೇಪ್‌ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಅಭಿಮಾನಿಗಳಿಂದ ಉಳಿದದ್ದು. ಧ್ವನಿ ಮಾತ್ರ ಕೇಳಿ ತೀರ್ಪು ಕೊಡುವುದು ಹೇಗೆ ಎಂದು ಒಬ್ಬ ಓದುಗರು ಕೇಳಿದ್ದಾರೆ. ತಾಳಮದ್ದಳೆ ಕೇಳುವ ನಾಡಿನಲ್ಲಿ ಈ ಪ್ರಶ್ನೆ ಏಳಬಾರದಿತ್ತು. ವೇಷವಿಲ್ಲ, ಕುಣಿತವಿಲ್ಲ, ಆದರೂ ಕೃಷ್ಣ ಸಂಧಾನ ನಡೆಯುತ್ತದೆ. ಮಾತು ಗಟ್ಟಿಯಾಗಿದ್ದ ಕಂತು ಧ್ವನಿಯಲ್ಲೂ ನಿಲ್ಲುತ್ತದೆ. ಆದರೂ ಚಿತ್ರ ಸಿಕ್ಕಾಗ ಅಂದಾಜು ಬದಲಾಗುವುದುಂಟು. ‘ದಿ ಎನಿಮಿ ಆಫ್ ದ ವರ್ಲ್ಡ್’ ಕಥೆಯ ಆರು ಕಂತುಗಳಲ್ಲಿ ಮೂರನೆಯದು ಮಾತ್ರ ಉಳಿದಿದ್ದಾಗ ಅದನ್ನು ಯಾರೂ ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೈಜೀರಿಯಾದ ಜೋಸ್‌ನಲ್ಲಿ ಪತ್ತೆಯಾದ ಫಿಲ್ಮುಗಳಿಂದ 2013ರಲ್ಲಿ ಉಳಿದ ಐದೂ ಬಂದ ಮೇಲೆ ಅದರ ಮಾನ ಏರಿತು. ಒಬ್ಬನೇ ನಟ ಪ್ಯಾಟ್ರಿಕ್ ಟ್ರೌಟನ್ ನಾಯಕನೂ ಖಳನೂ ಆಗುವ ಕೈಚಳಕ ಕಣ್ಣಿಗೆ ಕಾಣಲೇಬೇಕಾಗಿತ್ತು.

ಪ್ರತಿಯ ದೋಷ ಕಳೆದ ಮೇಲೂ ಉಳಿಯುವ ಮುಪ್ಪು ಇದೆ, ಅದನ್ನು ಮುಚ್ಚಿಡಬಾರದು. ಡಾಕ್ಟರ್ ಹೂನ 1975ರ ಕಥೆ ‘ದಿ ಆರ್ಕ್ ಇನ್ ಸ್ಪೇಸ್’ನಲ್ಲಿ ಮನುಷ್ಯ ಕೀಟವಾಗುವ ವೇಷಕ್ಕೆ ಪೊಳ್ಳು ಗುಳ್ಳೆಗಳ ಪ್ಯಾಕಿಂಗ್ ಪ್ಲಾಸ್ಟಿಕ್‌ಗೆ ಹಸಿರು ಬಣ್ಣ ಬಳಿದು ಸುತ್ತಿದ್ದಾರೆ. ಆಗ ಅದು ಹೆಚ್ಚು ಜನ ಕಂಡ ವಸ್ತುವಲ್ಲ. ಈಗ ಪಾರ್ಸೆಲ್ ಬಿಚ್ಚಿದ ಮನೆಯಲ್ಲೆಲ್ಲ ಮಕ್ಕಳು ಅದನ್ನು ಪಟಪಟ ಒಡೆಯುತ್ತಾರೆ. ವಸ್ತು ಪರಿಚಿತವಾದದ್ದರಿಂದ ಭಯ ಹೋಯಿತು. ಇಂಥ ಮುಪ್ಪನ್ನು ಕ್ಷಮಿಸಬಹುದು. ಅದೇ ಸರಣಿಯ 1977ರ ‘ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ ಬರವಣಿಗೆಯಲ್ಲಿ ಚುರುಕಾದದ್ದು, ಆದರೆ ಬಿಳಿಯ ನಟನಿಗೆ ಚೀನೀಯನ ಮೇಕಪ್ ಹಚ್ಚಿದ್ದಾರೆ. ಸ್ಟಾರ್ ಟ್ರೆಕ್ ಮೊದಲ ಸರಣಿಯ ಕೊನೆಯ ಕಂತಿನಲ್ಲಿ (1969) ಹೆಣ್ಣಿಗೆ ಹಡಗಿನ ನಾಯಕತ್ವವಿಲ್ಲ ಎಂಬ ಮಾತೇ ಕಥೆಯ ಬುಡ. ನೆಕ್ಸ್ಟ್ ಜನರೇಷನ್‌ನ 1987ರ ‘ಕೋಡ್ ಆಫ್ ಆನರ್’ ಕಪ್ಪು ಜನರನ್ನು ತೋರಿಸಿದ ರೀತಿ ನಾಚಿಕೆ ತರುವಂಥದ್ದು. ಇವುಗಳನ್ನು ಎಷ್ಟು ಒಳ್ಳೆಯ ಪ್ರತಿಯಲ್ಲಿ ನೋಡಿದರೂ ಕಹಿ ಹೋಗದು. ಆ ಕಾಲವೇ ಹಾಗಿತ್ತು ಎಂಬ ಸಮಜಾಯಿಷಿ 1987ರ ಕಂತಿಗೆ ಒಪ್ಪುವುದೂ ಇಲ್ಲ.

ನಿಧಾನ ಎಂಬ ದೂರು ಮಾತ್ರ ಅರ್ಧ ನಿಜ. ಡಾಕ್ಟರ್ ಹೂ ಕಥೆಗಳನ್ನು ವಾರಕ್ಕೊಂದರಂತೆ 25 ನಿಮಿಷದ ಕಂತುಗಳಾಗಿ ಕಟ್ಟಿದ್ದು. ಹಿಂದಿನ ವಾರದ ಕೊನೆ ಮುಂದಿನ ವಾರದ ಆರಂಭದಲ್ಲಿ ಮತ್ತೆ ಬರುತ್ತದೆ. ಆರು ಕಂತನ್ನು ಒಂದೇ ರಾತ್ರಿ ನೋಡಿದರೆ ಎಳೆದಂತೆ ಅನ್ನಿಸದಿರುತ್ತದೆಯೇ? ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಾಕು. ಡಾಕ್ಟರನ ಹಳೆಯ ವೈರಿಗಳಾದ ಡಾಲೆಕ್‌ಗಳ ಮೊದಲ ಕಥೆಯ ಏಳು ಕಂತುಗಳನ್ನು 2023ರಲ್ಲಿ ಬಣ್ಣ ಹಚ್ಚಿ 75 ನಿಮಿಷಕ್ಕೆ ಇಳಿಸಿದ ಆವೃತ್ತಿ ಬಂದಿದೆ. ಅದನ್ನು ನೋಡಿ ಮೂಲವನ್ನು ಹೊಗಳುವುದೂ ತೆಗಳುವುದೂ ಸಲ್ಲದು.

ಕಾಲ ಕಳೆದರೂ ನಿಂತವುಗಳಲ್ಲಿ ಸ್ಟಾರ್ ಟ್ರೆಕ್‌ನ ಮೂರು ಕಂತು ಹೇಳುತ್ತೇನೆ. 1967ರ ‘ದಿ ಡೆವಿಲ್ ಇನ್ ದ ಡಾರ್ಕ್’: ಗಣಿಯಲ್ಲಿ ಕಾರ್ಮಿಕರನ್ನು ಕೊಲ್ಲುವ ಜೀವಿ. ಅದರ ವೇಷದೊಳಗೆ ಮಂಡಿಯೂರಿ ತೆವಳಿದವರು ಯಾನೋಸ್ ಪ್ರೊಹಾಸ್ಕ. ನೋಡಲು ಚಾಪೆಯ ಮೇಲೆ ಏನೋ ಸುರಿದಂತಿದೆ, ನಿಜ. ಆದರೆ ಗಣಿಗಾರರು ಬೆಲೆಯಿಲ್ಲದವೆಂದು ಒಡೆದ ಗುಂಡುಗಳು ಅದರ ಮೊಟ್ಟೆಗಳು ಎಂದು ತಿಳಿದ ಕ್ಷಣ ಚಾಪೆ ಮರೆತು ತಾಯಿ ಕಾಣುತ್ತಾಳೆ. ಕಲ್ಲು ಕೊರೆದು ಸುರಂಗದಿಂದ ನೀರು ತಂದ ನಮ್ಮ ಊರುಗಳವರಿಗೆ ಬಂಡೆಯೊಳಗೆ ದಾರಿ ಮಾಡಿಕೊಂಡು ಬದುಕುವ ಜೀವಿ ಅಷ್ಟೇನೂ ಅಪರಿಚಿತ ಅನ್ನಿಸದು. ನೆಕ್ಸ್ಟ್ ಜನರೇಷನ್‌ನ 1989ರ ‘ದಿ ಮೆಷರ್ ಆಫ್ ಎ ಮ್ಯಾನ್’ನಲ್ಲಿ ಯಂತ್ರಮಾನವ ಡೇಟಾ ಸ್ವತ್ತೋ ವ್ಯಕ್ತಿಯೋ ಎಂಬ ವಿಚಾರಣೆ. ದೃಶ್ಯತಂತ್ರ ಬಹುತೇಕ ಇಲ್ಲ, ಹಾಗಾಗಿ ಹಳತಾಗುವುದಕ್ಕೆ ಅಲ್ಲೇನೂ ಇಲ್ಲ. ಬ್ಲೂರೇಯಲ್ಲಿ ಇದರ ಉದ್ದದ ಆವೃತ್ತಿಯೂ ಇದೆ.

ಮೂರನೆಯದು ಅದೇ ಸರಣಿಯ 1991ರ ‘ಡಾರ್ಮೊಕ್’. ಅನುವಾದ ಯಂತ್ರ ಪ್ರತಿ ಪದವನ್ನೂ ಸರಿಯಾಗಿ ಅನುವಾದಿಸುತ್ತದೆ, ಆದರೂ ಒಂದು ವಾಕ್ಯವೂ ಅರ್ಥವಾಗುವುದಿಲ್ಲ, ಏಕೆಂದರೆ ಆ ಜನ ಮಾತಾಡುವುದೆಲ್ಲ ತಮ್ಮ ಪುರಾಣಗಳ ಹೆಸರು ಹಿಡಿದು. ರಾಮಾಯಣ ಗೊತ್ತಿಲ್ಲದವನಿಗೆ ‘ಶಬರಿಯ ಹಾಗೆ ಕಾದೆ’ ಎಂದರೆ ಏನು ತಿಳಿದೀತು? ಸಪ್ತಭಾಷೆಗಳ ಕಾಸರಗೋಡಿನಲ್ಲಿ ಪೇಟೆಗೊಂದು, ಮನೆಗೊಂದು, ಶಾಲೆಗೊಂದು ಭಾಷೆ ಆಡುವವರಿಗೆ ಈ ಕಂತು ಅಮೆರಿಕದವರಿಗಿಂತ ಹೆಚ್ಚು ಹತ್ತಿರವಾಗಬೇಕು.

ಕನ್ನಡ ಸಬ್‌ಟೈಟಲ್ ಮಾಡಲು ಹೊರಟಿದ್ದೇವೆ ಎಂದು ಬರೆದ ಯುವಕರಿಗೂ ಒಂದು ಸೂಚನೆ. 24ರ ಪ್ರತಿಗೆ ಮಾಡಿದ ಸಮಯಸೂಚಿ 25ರ ಪ್ರತಿಗೆ ಹತ್ತು ನಿಮಿಷಕ್ಕೆ ಸುಮಾರು 25 ಸೆಕೆಂಡು ತಪ್ಪುತ್ತದೆ. ಎಲ್ಲ ಸಾಲುಗಳನ್ನೂ ಒಟ್ಟಾಗಿ ಹಿಂದೆ ಮುಂದೆ ಸರಿಸಿದರೆ ಆರಂಭ ಸರಿಹೋಗಿ ಕೊನೆ ಕೆಡುತ್ತದೆ. ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿ 23.976ರಿಂದ (24ರ ಪ್ರತಿಗಳ ನಿಖರ ವೇಗ ಸಾಮಾನ್ಯವಾಗಿ ಇದೇ) 25ಕ್ಕೆ ಪರಿವರ್ತಿಸಬೇಕು. ಮರುಪ್ರಸಾರಕ್ಕೆ ಕತ್ತರಿಸಿದ ಪ್ರತಿಯಾದರೆ ಅದೂ ಸಾಲದು. ಕತ್ತರಿ ಬಿದ್ದ ಪ್ರತಿಯೊಂದು ಜಾಗದಲ್ಲಿ ಕೈಯಾರೆ ಹೊಂದಿಸಬೇಕು.

ಸಂಪಾದಕರೇ, ಈ ಚರ್ಚೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಮುಂದೆ ಬರೆಯುವವರು ಕಂತಿನ ಹೆಸರು, ವರ್ಷದ ಜೊತೆಗೆ ಪ್ರತಿ ಯಾವುದು, ಎಷ್ಟು ನಿಮಿಷದ್ದು, ಟಿ.ವಿ.ಯ ಮೋಷನ್ ಸೆಟ್ಟಿಂಗ್ ಆಫ್ ಇತ್ತೇ ಎಂದು ಒಂದು ಸಾಲು ಸೇರಿಸಬೇಕೆಂದು ಅಂಕಣದ ಮೇಲೆ ಸೂಚನೆ ಹಾಕಿದರೆ ಉಪಕಾರವಾಗುತ್ತದೆ.

ಇಂತಿ,
ಓದುಗ,
ಬದಿಯಡ್ಕ, ಕಾಸರಗೋಡು