ಆನೆ ಸತ್ತಿಲ್ಲ, ಸರಿ. ಮಿಕ್ಕವುಗಳ ಲೆಕ್ಕ ಎಲ್ಲಿ?

ಮಾನ್ಯ ಅರಣ್ಯ ಸಚಿವರಿಗೆ, ನಮಸ್ಕಾರ.

ಕಾಡು ಉರಿದಾಗಲೆಲ್ಲ ನಮಗೆ ಸಿಗುವ ಸಮಾಧಾನ ಒಂದೇ: ಆನೆ, ಹುಲಿ, ಕಾಟಿಗಳಿಗೆ ಏನೂ ಆಗಿಲ್ಲ. ಬಹುಮಟ್ಟಿಗೆ ಆಗುವುದೂ ಇಲ್ಲ ಸ್ವಾಮಿ, ಓಡಲು ಅವಕ್ಕೆ ಕಾಲಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿದಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಸುಟ್ಟ ಎಕರೆಗಳನ್ನು ಉಪಗ್ರಹದ ಚಿತ್ರ ನೋಡಿ ಎಣಿಸಿದರು. ಸುಟ್ಟ ಜೀವಗಳು ಉಪಗ್ರಹಕ್ಕೆ ಕಾಣುವುದಿಲ್ಲವಲ್ಲ! ಎಣಿಸಿ ಎನ್ನುವುದಷ್ಟೇ ನಮ್ಮ ಬೇಡಿಕೆ.

ಅಪಾಯ ಕಂಡರೆ ಚಿಪ್ಪುಹಂದಿ ಉಂಡೆಯಾಗುತ್ತದೆ, ಆಮೆ ಚಿಪ್ಪಿನೊಳಗೆ ಸೇರುತ್ತದೆ, ಜಿಂಕೆಮರಿ ಅಲುಗದೆ ಮಲಗುತ್ತದೆ. ಹುಲಿಯೆದುರು ನಡೆಯುವ ಈ ಉಪಾಯ ಬೆಂಕಿಯೆದುರು ನಡೆಯದು. ಹುತ್ತ, ಬಿಲಗಳಲ್ಲಿರುವ ಹಾವು, ಇಲಿ, ಚೇಳು ಬದುಕುವುದುಂಟು. ಅರ್ಧ ಅಡಿ ಮಣ್ಣಿನ ಕೆಳಗೆ ಬಿಸಿ ಅಷ್ಟಾಗಿ ಇಳಿಯದು. ಆದರೆ ಹೊರಬಂದರೆ ಅಡಗಲು ಹುಲ್ಲಿಲ್ಲ, ಗಿಡುಗಗಳಿಗೆ ಹಬ್ಬ. ಕಾಜಾಣ, ನೀಲಕಂಠಗಳೂ ಬೆಂಕಿಯ ಅಂಚಿನಲ್ಲೇ ಕೀಟ ಹಿಡಿಯುತ್ತವೆ.

ಇದನ್ನು ನೋಡಿ ಬೆಂಕಿ ಕಾಡಿಗೆ ಒಳ್ಳೆಯದೇ ಎನ್ನುವವರಿದ್ದಾರೆ. ಆ ಬೆಂಕಿ ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ಹಾಕುತ್ತಿದ್ದ ತರಗುಬೆಂಕಿ ನೆಲದ ತರಗನ್ನಷ್ಟೇ ಸುಡುತ್ತಿತ್ತು. ಅದನ್ನು ನಿಲ್ಲಿಸಿದ್ದೇ ಲಂಟಾನ ಎಂಬ ಹೊರನಾಡಿನ ಕಳೆಪೊದೆ ಹಬ್ಬಿತು ಎನ್ನುತ್ತಾರೆ ಅವರು. ಈಗಿನ ಬೆಂಕಿ ಲಂಟಾನ ಹಿಡಿದು ಮರದ ನೆತ್ತಿಗೇರುತ್ತದೆ. ಪೊಟರೆಯಿರುವ ಒಣಮರ ಚಿಮಣಿಯಂತೆ ದಿನಗಟ್ಟಲೆ ಉರಿಯುತ್ತದೆ, ಅದೂ ಗಿಳಿ, ಕುಟ್ರುಹಕ್ಕಿ, ಗೂಬೆಗಳು ಮೊಟ್ಟೆಯಿಡುವ ಕಾಲದಲ್ಲಿ.

ಎಣಿಕೆ ಬೆಂಕಿ ಆರಿದ 48 ಗಂಟೆಯೊಳಗೆ ಆಗಬೇಕು. ತಡವಾದರೆ ಹಂದಿ, ಮುಂಗುಸಿ, ಕಾಗೆ, ಇರುವೆ ಎಲ್ಲವನ್ನೂ ಮುಗಿಸಿರುತ್ತವೆ; ಉಳಿಯುವುದು ಆಮೆಚಿಪ್ಪು. 100 ಮೀಟರ್ ಉದ್ದ, 4 ಮೀಟರ್ ಅಗಲದ ಪಟ್ಟಿಗಳನ್ನು ಗುರುತಿಸಿ, ಇಬ್ಬರು ನಿಧಾನವಾಗಿ ನಡೆದು ಕಲ್ಲಿನಡಿ, ಬಿದ್ದ ದಿಮ್ಮಿ, ಲಂಟಾನದ ಬುಡ ಎಲ್ಲ ನೋಡಲಿ. ಹೊಗೆಯಾಡುವ ಮರದ ಕೆಳಗೆ ಮಾತ್ರ ಹೋಗದಿರಲಿ, ಬುಡ ಟೊಳ್ಳಾಗಿ ಸದ್ದಿಲ್ಲದೆ ಬೀಳುತ್ತದೆ. ಪಕ್ಕದ ಸುಡದ ಕಾಡಿನಲ್ಲೂ ಅಷ್ಟೇ ಪಟ್ಟಿಗಳು ಬೇಕು, ಇಲ್ಲವಾದರೆ ಹೋಲಿಸಲು ಏನಿದೆ? ಮುಂಗಾರು ಮುಗಿದ ಮೇಲೆ ಅದೇ ಪಟ್ಟಿಗಳಲ್ಲಿ ಮತ್ತೊಮ್ಮೆ ನಡೆಯಬೇಕು. ಎಷ್ಟು ಸತ್ತವು ಎನ್ನುವುದಕ್ಕಿಂತ ಯಾವುವು ಮರಳಿ ಬಂದಿಲ್ಲ ಎನ್ನುವುದೇ ಮುಖ್ಯ.

ನಿಯಮಗಳು ತಮಗೆ ಗೊತ್ತೇ ಇವೆ. ಆಮೆ, ಚಿಪ್ಪುಹಂದಿಗಳಿಗೂ ಕಾನೂನಿನ ರಕ್ಷಣೆಯಿದೆ. ಹುಲಿಗೆ ನಾಲ್ಕು ವರ್ಷಕ್ಕೊಮ್ಮೆ ಗಣತಿ ಮಾಡಿಸುತ್ತೀರಿ, ಆಮೆಗೆ ಎರಡು ದಿನ ಕೊಡಲಾಗದೇ? ಎಣಿಸಿ. ಬರುವ ಬೇಸಿಗೆಗೆ ಮೊದಲೇ ಎಲ್ಲ ವಲಯಗಳಿಗೂ ಲಿಖಿತ ಆದೇಶ ಹೊರಡಿಸಿ. ಸಿಕ್ಕ ಲೆಕ್ಕವನ್ನು, ಅದು ಎಷ್ಟೇ ಮುಜುಗರ ತಂದರೂ, ವಲಯವಾರು ಪ್ರಕಟಿಸಿ.

ಇಂತಿ,
ಕಾಡಂಚಿನ ಒಬ್ಬ ನಾಗರಿಕ